ಕಂಬದ ನಡು

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಕುಳಿ ಇತ್ತು. ಹುಟ್ಟಿನಿಂದ ಬಂದದ್ದಲ್ಲ, ಪೊರಕೆಕಡ್ಡಿ ಮಾಡಿದ್ದು. ಉಕ್ಕಿನ ಕಂಬದ ಲೆಕ್ಕ ಬಂದಾಗಲೆಲ್ಲ ಅವರು ಆಫೀಸಿನ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಕಡ್ಡಿ ಬಿಲ್ಲಿನಂತೆ ಬಾಗುತ್ತಿತ್ತು. ಆಗ ನನ್ನ ಕಡೆ ನೋಡಿ "ನಡ ಹಿಡಿ" ಎನ್ನುತ್ತಿದ್ದರು. ನಾನು ನಡುವನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದರೆ ಸಾಕು, ಅದೇ ಕಡ್ಡಿ ಬಾಗದೆ ಅವರ ಬೆರಳಿಗೇ ಚುಚ್ಚುತ್ತಿತ್ತು. ಪೊರಕೆ ಬೋಳಾಯಿತೆಂದು ಕಸ ಗುಡಿಸುವ ಪಟ್ಟೇವಾಲಾ ಗೊಣಗದ ದಿನವಿರಲಿಲ್ಲ.

ಅವರು ನಮ್ಮ ಹೆಡ್ ಡ್ರಾಫ್ಟ್ಸ್‌ಮನ್, ಧಾರವಾಡದ ಕಡೆಯವರು. ಐವತ್ತರ ದಶಕ ಅದು. ದಾದರಿನ ನಮ್ಮ ಸಣ್ಣ ಆಫೀಸಿನಲ್ಲಿ ಕಾರ್ಖಾನೆಗಳ ಶೆಡ್ಡು, ನೀರಿನ ಟಾಂಕಿ ಹೊರುವ ಉಕ್ಕಿನ ಗೋಪುರ, ಇಂಥವಕ್ಕೆ ನಕ್ಷೆ ತಯಾರಾಗುತ್ತಿತ್ತು. ನಾನು ಉಡುಪಿ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದವನು. ಬಾಯಿ ಜೋರು, ತಾಳ್ಮೆ ಸೊನ್ನೆ.

"ಕಂಬ ಎಷ್ಟ ತೂಕ ಹೊರತೈತಿ ಅಂತ ಆಮ್ಯಾಲೆ ಕೇಳು ತಮ್ಮಾ. ಅದರ ನಡ ಯಾರ ಹಿಡದಾರ ಅಂತ ಮೊದಲ ಕೇಳು."

ಈ ಮಾತನ್ನು ದಿನಕ್ಕೆ ಹತ್ತು ಸಲ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. "ಗೊತ್ತುಂಟು ಮಾರಾಯ್ರೆ, ಎಷ್ಟು ಸಲ ಹೇಳ್ತೀರಿ!" ಎಂದು ಒಮ್ಮೆ ರೇಗಿಯೂ ಬಿಟ್ಟಿದ್ದೆ. ಅವರು ನಕ್ಕು ಇನ್ನೊಂದು ಕಡ್ಡಿ ಕಿತ್ತರು. ಗೊತ್ತಿತ್ತಂತೆ ನನಗೆ, ಮಣ್ಣಂಗಟ್ಟಿ!

ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಗೆ ನಾವು ಟಾಂಕಿಯ ಗೋಪುರ ಮಾಡಿಕೊಟ್ಟೆವು. ನಾಲ್ಕು ತೆಳ್ಳನೆಯ ಕಂಬ, ಅರ್ಧ ಎತ್ತರದಲ್ಲಿ ಅವನ್ನು ಒಂದಕ್ಕೊಂದು ಕಟ್ಟುವ ಅಡ್ಡಪಟ್ಟಿಗಳು. ಲೆಕ್ಕ ನನ್ನದು, ಪರಿಶೀಲಿಸಿದ ಸಹಿ ಅವರದು. ಕೆಲಸ ನೋಡಲು ಹೋದವನೂ ನಾನೇ. ಲಾರಿ ಅಡಿಗೆ ಬಂದು ನಿಲ್ಲಲು ಒಂದು ಕಡೆಯ ಪಟ್ಟಿ ಅಡ್ಡ ಬರುತ್ತದೆ, ತೆಗೆಯಬಹುದೇ ಎಂದು ಮಾಲೀಕ ಕೇಳಿದ. ಅದು ಹೇಗೂ ಟಾಂಕಿಯ ಭಾರ ಹೊರುವುದಿಲ್ಲವಲ್ಲ ಎಂದು ನಿಂತ ನಿಲುವಿನಲ್ಲೇ "ತೆಗೀರಿ" ಎಂದೆ. ಆಫೀಸಿಗೆ ಬಂದು ಹೇಳಲೂ ಇಲ್ಲ.

ಟಾಂಕಿಗೆ ಮೊದಲ ಸಲ ನೀರು ತುಂಬುವ ದಿನ ಬೆಳಿಗ್ಗೆ, ಚಹಾ ಕುಡಿಯುತ್ತಾ, ಲಾರಿಯ ತೊಂದರೆಯನ್ನು ನಾನು ಹೇಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಬಗೆಹರಿಸಿದೆ ಎಂದು ಕೊಚ್ಚಿಕೊಂಡೆ. ಅವರ ಚಹಾದ ಬಸಿ ಬಾಯಿಯ ಹತ್ತಿರವೇ ನಿಂತಿತು.

"ನಡಾ ಬಿಡಿಸಿ ಬಂದೆಲ್ಲೋ!"

 ಲೆಕ್ಕ ಹಾಕಲು ಸ್ಲೈಡ್ ರೂಲ್ ಬೇಕಿರಲಿಲ್ಲ. ಆ ಬದಿಯ ಎರಡು ಕಂಬಗಳ ಆಸರೆಯಿಲ್ಲದ ಉದ್ದ ಇಮ್ಮಡಿಯಾಗಿತ್ತು. ಅಷ್ಟು ತೆಳ್ಳನೆಯ ಕಂಬಕ್ಕೆ ಉದ್ದ ಇಮ್ಮಡಿಯಾದರೆ ಉಳಿಯುವ ತಾಕತ್ತು ಕಾಲುಭಾಗ. ಇಮ್ಮಡಿ ಭಾರಕ್ಕೆ ಲೆಕ್ಕ ಹಾಕಿದ್ದರೂ, ಟಾಂಕಿ ಅರ್ಧ ತುಂಬಿದರೆ ಮುಗಿಯಿತು. ಆ ಕಾರ್ಖಾನೆಯಲ್ಲಿ ಫೋನಿರಲಿಲ್ಲ. ಇಬ್ಬರೂ ಸ್ಟೇಷನ್ನಿಗೆ ಓಡಿದೆವು.

ಹಾಳಾದ ಲೋಕಲ್ ಅಂದೇ ಬಾಂದ್ರಾ ದಾಟಿ ಸುಮ್ಮನೆ ನಿಂತುಬಿಟ್ಟಿತು. ಹನ್ನೆರಡಕ್ಕೆ ಕೆಲಸಗಾರರಿಗೆ ಊಟದ ಬಿಡುವು. ಆ ಅಂಗಳದಲ್ಲಿ ನೆರಳೆಂದರೆ ಟಾಂಕಿಯ ಅಡಿಯ ನೆರಳೊಂದೇ. ನಾನು ಬಾಗಿಲಲ್ಲಿ ನೇತಾಡುತ್ತಾ ಗಾಡಿಗೆ, ಸಿಗ್ನಲ್ಲಿಗೆ, ನನಗೇ ಬೈಯುತ್ತಿದ್ದೆ. ಅವರು ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕುತ್ತಾ ನಿಂತಿದ್ದರು.

ನಾವು ಗೇಟು ಹೊಕ್ಕಾಗ ಏಳೆಂಟು ಮಂದಿ ಡಬ್ಬಿ ಬಿಚ್ಚಿ ಅಲ್ಲಿಯೇ ಕುಳಿತಿದ್ದರು. ಮೇಲೆ ನೀರು ಬೀಳುವ ಸದ್ದು. ಹೆಡ್ ಡ್ರಾಫ್ಟ್ಸ್‌ಮನ್ ಕಂಬಕ್ಕೆ ಕೆನ್ನೆಯೊತ್ತಿ ಒಂದು ಕಣ್ಣು ಮುಚ್ಚಿ ಮೇಲೆ ನೋಡಿದರು. ನನಗೆ ಕೆನ್ನೆಯೊತ್ತುವ ಅಗತ್ಯವೂ ಇರಲಿಲ್ಲ. ಕಂಬದ ನಡು ಎರಡು ಬೆರಳಿನಷ್ಟು ಹೊರಗೆ ಬಂದದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಅವರು ಕೂಗಾಡಲಿಲ್ಲ. ಊಟಕ್ಕೆ ಕರೆಯುವ ದನಿಯಲ್ಲಿ "ಉಠಾ ದಾದಾ, ಉಠಾ, ಬಾಹೇರ್ ಚಲಾ" ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಆಚೆ ಕಳಿಸಿದರು. ನಾನು ಓಡಿಹೋಗಿ ಪಂಪು ನಿಲ್ಲಿಸಿದೆ.

ಇನ್ನು ನೀರು ಹೊರಬಿಡಬೇಕು. ಅದರ ವಾಲ್ವು ಇದ್ದದ್ದು ಗೋಪುರದ ನಟ್ಟನಡುವೆ, ಟಾಂಕಿಯ ಅಡಿಯಲ್ಲೇ. ನಾನು ಹೆಜ್ಜೆ ಇಟ್ಟೆ. ಅವರು ನನ್ನ ಅಂಗಿಯ ಕಾಲರು ಹಿಡಿದು ಹಿಂದಕ್ಕೆಳೆದರು.

"ಸರ್, ತಪ್ಪು ನನ್ನದು!"

"ಸಹಿ ನಂದೈತಿ. ನೀ ಅಲ್ಲೇ ನಿಂದ್ರು."

ಆ ವಾಲ್ವು ಹೊಸದು, ಬಿಗಿಯಾಗಿತ್ತು. ಅವರೇ ಅಡಿಗೆ ಹೋಗಿ ಅದನ್ನು ತಿರುಗಿಸಲು ಎಷ್ಟು ಹೊತ್ತು ಹಿಡಿಯಿತೋ ಏನೋ. ಮೇಲೆಲ್ಲೋ ಒಮ್ಮೆ ಉಕ್ಕು ಕಿರುಗುಟ್ಟಿತು. ಅವರು ತಲೆಯೆತ್ತಲಿಲ್ಲ. ಕೊನೆಗೆ ನೀರು ಭೋರೆಂದು ಹರಿದು ಬಂತು. ಮೊಣಕಾಲವರೆಗೆ ಧೋತರ ನೆನೆಸಿಕೊಂಡು ನಡೆದುಬಂದವರು, "ಚಹಾ ಅಲ್ಲೇ ಉಳೀತಲ್ಲೋ" ಎಂದರು.

ಆ ಸಂಜೆ ಆಫೀಸಿನ ಸಾಹೇಬರು ನಮ್ಮಿಬ್ಬರನ್ನೂ ನಿಲ್ಲಿಸಿ, ಪಟ್ಟಿ ತೆಗೆಯಲು ಒಪ್ಪಿಗೆ ಕೊಟ್ಟದ್ದು ಯಾರೆಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಅವರು "ನಾನು" ಎಂದುಬಿಟ್ಟರು. ಅವರನ್ನು ಹೆಡ್ ಡ್ರಾಫ್ಟ್ಸ್‌ಮನ್ ಕೆಲಸದಿಂದ ಇಳಿಸಿ ಆ ಕುರ್ಚಿಗೆ ಬೇರೊಬ್ಬರನ್ನು ತಂದರು. ಇವರು ಮೂಲೆಯ ಮೇಜಿಗೆ ಹೋಗಿ, ಬೇರೆಯವರ ನಕ್ಷೆಗಳನ್ನು ಟ್ರೇಸ್ ಮಾಡುತ್ತಾ ನಿವೃತ್ತರಾದರು. ಸಾಹೇಬರಿಗೆ ನಿಜ ಹೇಳುತ್ತೇನೆಂದು ನಾನು ಎರಡು ಸಲ ಆ ಮೂಲೆಯ ಮೇಜಿಗೆ ಹೋಗಿದ್ದೆ. "ಮೊದಲ ಕೆಲಸಾ ಕಲಿ. ಆಮ್ಯಾಲೆ ಹೇಳು" ಎಂದು ಗದರಿ ಕಳಿಸಿದರು. ಕೆಲಸ ಕಲಿತೆ. ಹೇಳಲಿಲ್ಲ. ಹೇಳಲು ಹೆದರಿದೆ, ಅಷ್ಟೇ.

ಎಷ್ಟೋ ವರ್ಷಗಳ ಮೇಲೆ, ಅವರು ತೀರಿಕೊಂಡ ಸುದ್ದಿ ಕೇಳಿ ಮುಲುಂಡಿನ ಅವರ ಚಾಳಿನ ಮನೆಗೆ ಹೋದಾಗ ಅವರನ್ನು ಚಾಪೆಯ ಮೇಲೆ ಮಲಗಿಸಿದ್ದರು. ಹೆಬ್ಬೆರಳಿನ ಕುಳಿ ಹಾಗೇ ಇತ್ತು. ಅವರ ಮಗ ನನ್ನ ಕೈ ಹಿಡಿದು, "ಅಪ್ಪಾ ಜೀವಮಾನದಾಗ ಒಂದ ತಪ್ಪ ಮಾಡಿದ್ರು ನೋಡ್ರಿ, ಆ ಜೋಗೇಶ್ವರಿ ಟಾಂಕಿದು. ಅದೊಂದ ಆಗಬಾರದಿತ್ತು" ಎಂದು ಅತ್ತ. ನಾನು ಅವನ ಬೆನ್ನು ಸವರಿದೆ. ಆಗಲೂ ಬಾಯಿ ಬಿಡಲಿಲ್ಲ.

ತಮ್ಮಾ, ಇದನ್ನು ನೀನು ಓದುತ್ತಿದ್ದರೆ ಕೇಳು. ನಿನ್ನ ಅಪ್ಪ ಆ ತಪ್ಪು ಮಾಡಲಿಲ್ಲ. ಆ ಪಟ್ಟಿ ತೆಗೆಸಿದವನು ನಾನು.