ಗುಂಡು ಹಾರದ ಕೋವಿಗಳ ಹರಾಜು

ಆ ದಿನದ ಬಗ್ಗೆ ನನ್ನ ಡೈರಿಯಲ್ಲಿರುವುದು ಒಂದೇ ಸಾಲು: "ಶುವೈಖ್‌ನಲ್ಲಿ ಹರಾಜು. ಧೂಳು. ಊಟ ಸೇರಲಿಲ್ಲ." ಉಳಿದದ್ದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ನನ್ನ ನೆನಪು ನನ್ನದೇ ವಕೀಲನ ಹಾಗೆ, ನನಗೆ ಅನುಕೂಲವಾದ ಸಾಕ್ಷಿಗಳನ್ನಷ್ಟೇ ಕರೆಯುತ್ತದೆ. ಓದುವವರಿಗೆ ಇದು ಮೊದಲೇ ಗೊತ್ತಿರಲಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿದ ನಾನು ಕುವೈತಿನ ಶುವೈಖ್‌ನಲ್ಲಿದ್ದ ಒಂದು ಕೋವಿ ಕಾರ್ಖಾನೆಯ ಆಫೀಸಿನಲ್ಲಿ ಟೈಪು ಕುಟ್ಟುತ್ತಿದ್ದೆ. ಕಾರ್ಖಾನೆ ಎಂದರೆ ಒಂದು ತಗಡಿನ ಶೆಡ್ಡು, ಹದಿನೈದು ಆಳು. ಬಾಯಿಯಿಂದ ಮದ್ದು ತುಂಬಿ ಕಡ್ಡಿಯಿಂದ ಜಡಿಯುವ ಹಳೇ ಮಾದರಿಯ ಕೋವಿ ಅಲ್ಲಿ ತಯಾರಾಗುತ್ತಿತ್ತು. ನಮ್ಮ ಕರಾವಳಿಯಲ್ಲಿ ಕೇಪಿನ ಕೋವಿ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಎಣ್ಣೆಯ ದುಡ್ಡಿನಲ್ಲಿ ಹೊಸ ಮನೆ ಕಟ್ಟಿದವರಿಗೆಲ್ಲ ದಿವಾನಿಯಾದ ಗೋಡೆಗೆ, ಅಂದರೆ ಗಂಡಸರು ಕೂತು ಚಹಾ ಕುಡಿಯುವ ಹಜಾರದ ಗೋಡೆಗೆ, ಅಜ್ಜನ ಕೋವಿಯೊಂದು ಬೇಕಾಗಿತ್ತು. ಅಷ್ಟೊಂದು ಗೋಡೆಗಳಿಗೆ ಸಾಲುವಷ್ಟು ಅಜ್ಜಂದಿರು ಆ ಊರಿನಲ್ಲಿರಲಿಲ್ಲ. ಆ ಕೊರತೆಯನ್ನು ನಮ್ಮ ಕಫೀಲ್, ಅಂದರೆ ನಮಗೆಲ್ಲ ವೀಸಾ ಕೊಟ್ಟ ಮಾಲೀಕ, ತುಂಬಿಸುತ್ತಿದ್ದ.

ಹೊಸ ಕೋವಿಯನ್ನು ಹಿತ್ತಲಿನ ಮರಳಲ್ಲಿ ಹೂತು, ಮೇಲೆ ಹದಿನೈದು ದಿನ ಉಪ್ಪುನೀರು ಹೊಯ್ದರೆ ಅದಕ್ಕೆ ನೂರು ವರ್ಷ ವಯಸ್ಸಾಗುತ್ತಿತ್ತು. ಆಮೇಲೆ ನಾನು ಒಂದು ಚೀಟಿ ಟೈಪು ಮಾಡುತ್ತಿದ್ದೆ: ಇಂಥ ಕಾಲದ ಶೈಲಿ, ಇಂಥ ಕಡೆಯ ಕೆತ್ತನೆ. ಐದು ವರ್ಷ ಓದಿದ ಇತಿಹಾಸ ಅಲ್ಲಿಗೆ ಸಾಕಾಗುತ್ತಿತ್ತು. ಆ ಕೋವಿಗಳಲ್ಲಿ ಒಂದೂ ಹಾರುತ್ತಿರಲಿಲ್ಲ. ಕಿಡಿ ಒಳಕ್ಕೆ ಹೋಗಿ ಮದ್ದಿಗೆ ತಗಲುವ ಸಣ್ಣ ತೂತನ್ನು ಬೇಕೆಂದೇ ಕೊರೆಯುತ್ತಿರಲಿಲ್ಲ. ಪೊಲೀಸರ ಭಯ. ಕೊಳ್ಳುವವರು ಆ ತೂತು ಇದೆಯೋ ಇಲ್ಲವೋ ಎಂದು ನೋಡಿದ್ದನ್ನು ನಾನು ಕಂಡಿಲ್ಲ.

ಅಲ್ಲಿ ಕೆಲಸ ಬಲ್ಲವರು ಒಬ್ಬರೇ ಇದ್ದರು. ಕಾರ್ಕಳದ ಕಡೆಯ ಆಚಾರ್ರು, ಐವತ್ತು ದಾಟಿದವರು. ಊರಿನಲ್ಲಿ ರೈತರ ಕೇಪಿನ ಕೋವಿ ರಿಪೇರಿ ಮಾಡುವುದು ಅವರ ತಂದೆಯ ಕಾಲದಿಂದ ಬಂದ ಕಸುಬು. ಕೋವಿ ಕಾರ್ಖಾನೆ ಎಂದು ಏಜೆಂಟ್ ಹೇಳಿದ್ದನ್ನು ನಂಬಿ ಬಂದಿದ್ದರು. ಬಂದ ಮೊದಲ ವಾರ ಮೂರು ಕೋವಿಗಳಿಗೆ ತೂತು ಕೊರೆದು ಬೈಸಿಕೊಂಡರಂತೆ. ಆಮೇಲೆ ಕೊರೆಯಲಿಲ್ಲ. ಆದರೆ ನಳಿಗೆಯ ಒಳಭಾಗವನ್ನು ಮಾತ್ರ ನಿಜವಾಗಿ ಗುಂಡು ಹಾರಿಸುವುದಕ್ಕೋ ಎಂಬಂತೆ ನೇರ ಮಾಡುತ್ತಿದ್ದರು. ಗೋಡೆಗೆ ತೂಗುಹಾಕುವುದಕ್ಕೆ ಇಷ್ಟು ಯಾಕೆ ಎಂದು ಒಮ್ಮೆ ಕೇಳಿದ್ದೆ. "ಓರೆ ಮಾಡ್ಲಿಕ್ಕೆ ನನಗೆ ಬರುವುದಿಲ್ಲ ಸಾರ್," ಅಂದರು.

ಅವರ ಹತ್ತಿರ ಹಲಸಿನ ಮರದ ಒಂದು ಪೆಟ್ಟಿಗೆ ಇತ್ತು. ಅದರಲ್ಲಿ ತಂದೆಯ ಕಾಲದ ಅರಗಳು, ಉಳಿಗಳು, ಒಂದು ಬೈರಿಗೆ, ಸಣ್ಣ ಇಕ್ಕಳಗಳು. ಕೋವಿಯ ಕೆಲಸಕ್ಕೆಂದೇ ಮಾಡಿಸಿದವು, ಅಂಗಡಿಯಲ್ಲಿ ಸಿಗುವಂಥವಲ್ಲ. ಊರಿಗೆ ಹೋದ ಮೇಲೆ ಬದುಕುವುದು ಅದರಿಂದಲೇ. ಪೆಟ್ಟಿಗೆಯನ್ನು ಅವರು ರೂಮಿಗೆ ಒಯ್ಯುತ್ತಿರಲಿಲ್ಲ. ಬೆಂಕಿ ಇದ್ದಲ್ಲಿಯೇ ಆಯುಧ ಇರಬೇಕು, ಮಲಗುವ ಜಾಗಕ್ಕೆ ತರಬಾರದು ಎಂಬುದು ಅವರ ಮನೆಯ ಕ್ರಮ. ಹಾಗಾಗಿ ಅದು ಯಾವಾಗಲೂ ಶೆಡ್ಡಿನಲ್ಲಿ, ಕುಲುಮೆಯ ಪಕ್ಕದ ಬೆಂಚಿನ ಕೆಳಗೆ ಇರುತ್ತಿತ್ತು. ಆಯುಧಪೂಜೆಯ ದಿನ ಹಚ್ಚಿದ ಗಂಧ ಮುಚ್ಚಳದ ಮೇಲೆ ವರ್ಷವಿಡೀ ಒಣಗಿಕೊಂಡಿರುತ್ತಿತ್ತು.

ಕಫೀಲ್ ಷೇರಿನಲ್ಲಿ ಕೈ ಸುಟ್ಟುಕೊಂಡ. ಕಾರ್ಖಾನೆ ಮುಚ್ಚಿತು. ಆಸ್ತಿ ವಶಕ್ಕೆ ತೆಗೆದುಕೊಳ್ಳಲು ಬಂದ ಅಧಿಕಾರಿ, ಗೇಟಿನ ಒಳಗೆ ಏನೇನಿದೆಯೋ ಎಲ್ಲವನ್ನೂ ಪಟ್ಟಿ ಮಾಡು ಎಂದು ನನಗೆ ಹೇಳಿದ. ಮಾಡಿದೆ. ಬೆಂಚಿನ ಹತ್ತಿರ ಬಂದಾಗ "ಮರದ ಪೆಟ್ಟಿಗೆ ಒಂದು, ಹಳೆಯ ಸಲಕರಣೆಗಳ ಸಹಿತ" ಎಂದು ಟೈಪು ಮಾಡಿದೆ. ಅದು ಯಾರದೆಂದು ನನಗೆ ಗೊತ್ತಿತ್ತು. ಇದು ಕೆಲಸಗಾರನ ಸ್ವಂತದ್ದು ಎಂದು ಅಧಿಕಾರಿಗೆ ಹೇಳಿದೆ, ಅವನು ಕೈ ಬೀಸಿ "ಎಲ್ಲಾ ಬರಿ" ಅಂದ ಎಂದು ನನ್ನ ನೆನಪು ಹೇಳುತ್ತದೆ. ಡೈರಿಯಲ್ಲಿ ಅಂಥದ್ದೇನೂ ಇಲ್ಲ. ಇನ್ನೊಂದು ಕಂಪನಿಗೆ ಸೇರಲು ನನಗೆ ಬೇಕಾಗಿದ್ದ ಬಿಡುಗಡೆ ಪತ್ರಕ್ಕೆ ಅವನೇ ಸಹಿ ಹಾಕಬೇಕಾಗಿತ್ತು ಎಂಬುದಂತೂ ಇದೆ.

ಪಟ್ಟಿ ಗೇಟಿಗೆ ಅಂಟಿಸಿದ ದಿನ ಆಚಾರ್ರು ಬಂದರು. "ಆ ಪೆಟ್ಟಿಗೆ ನನ್ನದು ಅಂತ ನಿಮಗೆ ಗೊತ್ತುಂಟಲ್ಲ ಸಾರ್?"

ನಾನು ಕಾನೂನಿನ ಬಗ್ಗೆ ಏನೇನೋ ಹೇಳಿದೆ. ಕಾರ್ಖಾನೆಯವರು ಹರಾಜು ಕೂಗುವಂತಿರಲಿಲ್ಲ; ನಮ್ಮವರು ಯಾರಿಂದಲಾದರೂ ಕೊಳ್ಳಿಸಿ ಕೊಡಿಸುತ್ತೇನೆ ಅಂದೆ. ಅವರ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ರದ್ದಾಗಿತ್ತು. ಹರಾಜು ಕಳೆದು ಹತ್ತು ದಿನದೊಳಗೆ ದೇಶ ಬಿಡಬೇಕಾಗಿತ್ತು.

ಎರಡು ಕಡೆ ಹೇಳಿದೆ. ಒಬ್ಬರು ನಮ್ಮ ಕನ್ನಡ ಸಂಘದ ಅಧ್ಯಕ್ಷರು, ಎಂಜಿನಿಯರು, ಬೆಂಗಳೂರಿನವರು. "ಪಾಪ, ನಮ್ಮವನು ಕಣ್ರೀ. ನಾನು ನೋಡ್ಕೋತೀನಿ, ನೀವು ಯಾರ ಹತ್ರಾನೂ ಬಾಯಿ ಬಿಡಬೇಡಿ," ಅಂದರು. ಇನ್ನೊಬ್ಬರು ಖೈತಾನ್ ಬಡಾವಣೆಯಲ್ಲಿ ಊಟದ ಹೋಟೆಲ್ ನಡೆಸುತ್ತಿದ್ದವರು. ಸಂಘದಲ್ಲಿ ಜಗಳವಾಡಿ ಹೊರಬಂದು ಕರಾವಳಿಯವರದೇ ಬೇರೆ ಬಳಗ ಕಟ್ಟಿಕೊಂಡಿದ್ದರು. ಅವರೂ ಅದನ್ನೇ ತಮ್ಮ ಭಾಷೆಯಲ್ಲಿ ಹೇಳಿದರು: ಅದು ನಮ್ಮ ಊರಿನ ಜನ, ನಾವು ಬಿಡಿಸುತ್ತೇವೆ, ಸಂಘದವರಿಗೆ ಮಾತ್ರ ಗೊತ್ತಾಗಬಾರದು. ನಾನು ಇಬ್ಬರ ಗುಟ್ಟನ್ನೂ ಕಾಪಾಡಿದೆ. ಅದನ್ನು ಸಭ್ಯತೆ ಎಂದು ತಿಳಿದಿದ್ದೆ.

ಹರಾಜಿನ ದಿನ ಹಿತ್ತಲಿನ ತುಂಬ ಜನ. ಹರಾಜು ಕೂಗುವ ದಲ್ಲಾಲ್ ಎಣ್ಣೆಯ ಡ್ರಮ್ಮಿನ ಮೇಲೆ ನಿಂತಿದ್ದ. ಕೋವಿಗಳನ್ನು ಕಬ್ಬಿನ ಹಾಗೆ ಹತ್ತು ಹತ್ತು ಸೇರಿಸಿ ಹಗ್ಗದಿಂದ ಕಟ್ಟಿಟ್ಟಿದ್ದರು. ಕೊಳ್ಳಲು ಬಂದವರು ಹೋಟೆಲಿನ ಅಲಂಕಾರ ಮಾಡುವವರು, ಪೀಠೋಪಕರಣದ ಅಂಗಡಿಯವರು, ಅಜ್ಜ ಬೇಕಾದ ಕೆಲವು ಮೊಮ್ಮಕ್ಕಳು. ಒಬ್ಬ ನಳಿಗೆಯ ಬಾಯಿಗೆ ಕಣ್ಣಿಟ್ಟು ಒಳಗೆ ನೋಡಿ, ಏನೋ ಗೊತ್ತಾದವನ ಹಾಗೆ ತಲೆಯಾಡಿಸಿದ. ಇನ್ನೊಬ್ಬ ಮರದ ಹಿಡಿಯ ವಾಸನೆ ನೋಡಿದ. ಹನ್ನೆರಡು ಕೋವಿಗಳು ಇನ್ನೂ ಮರಳಲ್ಲೇ ಇದ್ದವು, ವಯಸ್ಸಾಗಲು ವಾರ ಬಾಕಿ. ದಲ್ಲಾಲ್ ಅವನ್ನು ನೆಲದಲ್ಲಿದ್ದಂತೆಯೇ ಕೂಗಿದ. ಜನ ಕಂಡ ಕೋವಿಗಳಿಗಿಂತ ಕಾಣದ ಕೋವಿಗಳಿಗೇ ಹೆಚ್ಚು ಕೊಟ್ಟರು. ಈ ಕಥೆ ಹೇಳಿ ಎಷ್ಟು ಸಲ ನಗಿಸಿದ್ದೇನೆಂದರೆ, ಅದು ನಡೆದದ್ದೋ ನಾನು ಸೇರಿಸಿದ್ದೋ ಎಂದು ಈಗ ಪ್ರಮಾಣ ಮಾಡಿ ಹೇಳಲಾರೆ.

ಆಚಾರ್ರು ಕುಲುಮೆಯ ಹತ್ತಿರ ನಿಂತಿದ್ದರು. ಅವರ ಪಕ್ಕದಲ್ಲಿ ಗುಜರಿ ಕೊಳ್ಳುವ ಒಬ್ಬ ಪಠಾಣ. ಪೆಟ್ಟಿಗೆ ಯಾರೂ ಕೇಳದ ಮಾಲು, ತಾನು ಬೆಂಚುಗಳ ಜೊತೆ ಅದನ್ನೂ ತೆಗೆದುಕೊಂಡು ಆಚಾರ್ರ ಕೈಗೆ ಕೊಟ್ಟುಬಿಡುತ್ತೇನೆ, ಕೆಲಸಗಾರನ ಸಾಮಾನು ಇಟ್ಟುಕೊಳ್ಳುವುದು ತನಗೆ ಹರಾಮು ಎಂದು ಅವನು ಬೆಳಿಗ್ಗೆಯೇ ಹೇಳಿದ್ದನಂತೆ. ಇದು ನನಗೆ ಗೊತ್ತಾದದ್ದು ಸಂಜೆ.

ಪೆಟ್ಟಿಗೆ ಬಂತು. ಪಠಾಣ ಕೈ ಎತ್ತಿದ. ಅಧ್ಯಕ್ಷರು ಎತ್ತಿದರು. ಪಠಾಣ ಇನ್ನೊಂದು ಸಲ ಎತ್ತುವುದರೊಳಗೆ ಹೋಟೆಲಿನವರು ಎತ್ತಿದರು. ಅಧ್ಯಕ್ಷರು ತಿರುಗಿ ನೋಡಿದರು. ಆಮೇಲೆ ಪೆಟ್ಟಿಗೆಯನ್ನು ಯಾರೂ ನೋಡಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೇ ಏರಿಸುತ್ತಾ ಹೋದರು. ದಲ್ಲಾಲ್‌ಗೆ ಖುಷಿಯೋ ಖುಷಿ. ಒಳಗೆ ಏನಿದೆ ಎಂದು ಅವನು ಮುಚ್ಚಳ ತೆಗೆಸಿ ನೋಡಿದ, ಅರ್ಥವಾಗದೆ ಮುಚ್ಚಿದ. ಅರಬ್ಬರು ನಕ್ಕರು. ಪಠಾಣ ಆಚಾರ್ರ ಕಡೆ ತಿರುಗಿ ಎರಡೂ ಕೈ ಚೆಲ್ಲಿದ. ಇಬ್ಬರ ನಡುವೆ ಹೋಗಿ, ನೀವಿಬ್ಬರೂ ಒಂದೇ ಕೆಲಸಕ್ಕೆ ಬಂದವರು ಎಂದು ಹೇಳಲು ನನಗೆ ಹತ್ತು ಹೆಜ್ಜೆ ಸಾಕಾಗಿತ್ತು. ಇಡಲಿಲ್ಲ. ಹೆದರಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ನನಗೆ ಆ ಆಟ ನೋಡಲು ಮಜಾ ಬರುತ್ತಿತ್ತು.

ಗೆದ್ದವರು ಅಧ್ಯಕ್ಷರು. ಹೋಟೆಲಿನವರು ಹೋಗುವಾಗ ನನ್ನ ಹತ್ತಿರ ನಿಂತು, "ಇಡ್ಲಿಗೆ ಎರಡು ಚಟ್ನಿ ಹಾಕಿಸ್ಕೊಳ್ಳುವವರು ನೀವು, ನಿಮ್ಮನ್ನು ನಂಬಿದ್ದು ನನ್ನ ತಪ್ಪು," ಅಂದರು.

ಆಚಾರ್ರು ಪೆಟ್ಟಿಗೆ ಎತ್ತಿಕೊಳ್ಳಲು ಬಂದಾಗ ಅಧ್ಯಕ್ಷರು ಅವರ ಹೆಗಲ ಮೇಲೆ ಕೈ ಹಾಕಿದರು. "ಇಷ್ಟು ಮಾಡಿ ಸುಮ್ನೆ ಕೈಗೆ ಕೊಟ್ಟರೆ ಅದಕ್ಕೇನ್ರೀ ಮರ್ಯಾದೆ? ಸಂಘದ ವಾರ್ಷಿಕೋತ್ಸವದಲ್ಲಿ, ವೇದಿಕೆ ಮೇಲೆ, ಶಾಲು ಹೊದಿಸಿ ಕೊಡೋಣ." ವಾರ್ಷಿಕೋತ್ಸವಕ್ಕೆ ಇನ್ನೂ ಐದು ವಾರವಿತ್ತು. ಹತ್ತು ದಿನದಲ್ಲಿ ಇವರು ಹೋಗಬೇಕು ಎಂದು ನಾನು ಹೇಳಿದೆ. ಅದು ಬರೀ ನೆನಪಲ್ಲ, ಖಂಡಿತ ಹೇಳಿದೆ. ತಮಗೆ ಇಲಾಖೆಯಲ್ಲಿ ಪರಿಚಯವಿದೆ, ವಿಸ್ತರಿಸೋಣ ಎಂದು ಅವರು ಪೆಟ್ಟಿಗೆಯನ್ನು ಕಾರಿನ ಡಿಕ್ಕಿಗೆ ಹಾಕಿಸಿದರು.

ವಿಸ್ತರಣೆ ಆಗಲಿಲ್ಲ. ಹೊರಡುವ ಮೂರು ದಿನ ಮೊದಲು ಆಚಾರ್ರನ್ನು ಕರೆದುಕೊಂಡು ಅಧ್ಯಕ್ಷರ ಫ್ಲ್ಯಾಟಿಗೆ ಹೋದೆ. ಉಪ್ಪಿಟ್ಟು, ಕಾಫಿ ಬಂತು. ಅಧ್ಯಕ್ಷರ ಹೆಂಡತಿ ಬಹಳ ಪ್ರೀತಿಯಿಂದ ಇನ್ನಷ್ಟು ಬಡಿಸಿದರು. ಪೆಟ್ಟಿಗೆ ಟೀವಿಯ ಪಕ್ಕದಲ್ಲಿ, ಮೇಲೆ ಕಸೂತಿ ಬಟ್ಟೆ ಹೊದ್ದು ಕೂತಿತ್ತು. ಆಹ್ವಾನ ಪತ್ರಿಕೆಯಲ್ಲಿ ಸನ್ಮಾನ ಅಚ್ಚಾಗಿಬಿಟ್ಟಿದೆ, ಮುಖ್ಯ ಅತಿಥಿಗೂ ಹೇಳಿಯಾಗಿದೆ, ಈಗ ಪೆಟ್ಟಿಗೆ ಕೊಟ್ಟರೆ ವೇದಿಕೆಯಲ್ಲಿ ಏನು ಇಡುವುದು ಎಂದು ಅಧ್ಯಕ್ಷರು ನನ್ನನ್ನೇ ಕೇಳಿದರು. ಆಮೇಲೆ ಯಾರ ಕೈಯಲ್ಲಾದರೂ ಊರಿಗೆ ಕಳಿಸೋಣ ಅಂದರು. ಆಚಾರ್ರು ಒಂದು ಸಲ ಪೆಟ್ಟಿಗೆ ಕಡೆ ನೋಡಿ, ಕಾಫಿ ಮುಗಿಸಿ, ಲೋಟವನ್ನು ತಾವೇ ಒಳಗೆ ಇಟ್ಟು ಬಂದರು. ಬಾಯಿ ಬಿಟ್ಟು ಕೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ, ಕೇಳಬೇಕಾದವನು ನಾನೇ ಎಂಬುದು ಹೊಳೆಯದವನ ಹಾಗೆ.

ಅವರು ಬರಿಗೈಲಿ ಹೋದರು. ವಾರ್ಷಿಕೋತ್ಸವ ಭರ್ಜರಿಯಾಗಿ ನಡೆಯಿತು. ಸನ್ಮಾನ ಪತ್ರ ಬರೆಯಲು ಸಂಘದಲ್ಲಿ ಒಳ್ಳೆಯ ಕನ್ನಡ ಗೊತ್ತಿದ್ದವನು ನಾನೊಬ್ಬನೇ ಎಂದು ಅಧ್ಯಕ್ಷರು ಹೇಳಿದ್ದರು, ನಾನು ಒಪ್ಪಿದ್ದೆ. "ಕಬ್ಬಿಣಕ್ಕೆ ಉಸಿರು ಕೊಟ್ಟ ಕಲಾತಪಸ್ವಿ" ಎಂದು ಶುರುವಾಗಿತ್ತು. ಆ ಸಾಲನ್ನು ಎರಡು ಸಲ ತಿದ್ದಿದ್ದೆ. ಆಚಾರ್ರ ಪರವಾಗಿ ವೇದಿಕೆಗೆ ಹೋಗಿ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು, ಹಣ್ಣಿನ ತಟ್ಟೆ ಹಿಡಿದು ಫೋಟೋಗೆ ನಿಂತವನೂ ನಾನೇ.

ಪೆಟ್ಟಿಗೆಯನ್ನು ತೆರೆದಿಟ್ಟಿದ್ದರು. ಒಳಗಿದ್ದದ್ದು ದೀಪದ ಬೆಳಕಿಗೆ ಥಳಥಳಿಸುತ್ತಿತ್ತು. ಹಳೇ ಕಬ್ಬಿಣ ವೇದಿಕೆಯಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಅಧ್ಯಕ್ಷರು ಎಲ್ಲವನ್ನೂ, ಅರಗಳನ್ನೂ ಸೇರಿಸಿ, ಕಾರಿನ ಬಂಪರಿಗೆ ಹೊಳಪು ಹಾಕುವ ಅಂಗಡಿಗೆ ಕೊಟ್ಟು ಕ್ರೋಮ್ ಮಾಡಿಸಿದ್ದರು. ಸಭೆ ಚಪ್ಪಾಳೆ ತಟ್ಟಿತು. ಅಲ್ಲಿ ಎಂಜಿನಿಯರುಗಳೇ ಇಪ್ಪತ್ತು ಮೂವತ್ತು ಜನ ಇದ್ದರು. ಅವರೂ ತಟ್ಟಿದರು.

ಮುಂದಿನ ರಜೆಯಲ್ಲಿ ನಾನೇ ಅದನ್ನು ಹೊತ್ತುಕೊಂಡು ಹೋದೆ. ಬೊಂಬಾಯಿಯ ಕಸ್ಟಮ್ಸಿನವನು ಬೆಳ್ಳಿ ಇರಬೇಕೆಂದು ಒಂದು ಉಳಿಯನ್ನು ಕೆರೆದು ನೋಡಿದ. ಕಾರ್ಕಳದಿಂದ ಬಸ್ಸು, ಆಮೇಲೆ ನಡಿಗೆ. ಆಚಾರ್ರು ರಸ್ತೆ ಬದಿಯ ಒಂದು ಚಪ್ಪರದಲ್ಲಿ ಯಾರದೋ ಅರ ಕಡ ತಂದು ಕತ್ತಿ ಹರಿತ ಮಾಡುತ್ತಿದ್ದರು. ಕೋವಿ ಕೆಲಸ ಕೈಬಿಟ್ಟಿದ್ದರು. ಪೆಟ್ಟಿಗೆ ಕಂಡು ಎದ್ದು ನಿಂತರು, ಕೈ ತೊಳೆದು ಬಂದು ತೆರೆದರು.

ಒಂದು ಅರ ತೆಗೆದು ಕತ್ತಿಯ ಬಾಯಿಗೆ ಇಟ್ಟು ಎಳೆದರು. ಹಲ್ಲುಗಳೆಲ್ಲ ಕ್ರೋಮಿನಲ್ಲಿ ಮುಚ್ಚಿಹೋಗಿದ್ದವು; ಶಬ್ದವೇ ಬರಲಿಲ್ಲ, ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಇನ್ನೊಂದು ತೆಗೆದರು. ಅದೂ ಹಾಗೆಯೇ.

"ಬಣ್ಣ ಆಗಿದ್ರೆ ಸೀಮೆಎಣ್ಣೆ ಹಾಕಿ ಉಜ್ಜಬಹುದಿತ್ತು," ಅಂದರು. ಬೆಂಕಿಗೆ ಹಿಡಿದರೆ ಎಂದು ಕೇಳಿದೆ. "ಹದ ಹೋಗ್ತದೆ ಸಾರ್."

ಶಾಲು ಕೊಟ್ಟೆ, ಒಳಗೆ ಹೆಂಡತಿಗೆ ಕೊಟ್ಟು ಬಂದರು. ಕಟ್ಟು ಹಾಕಿಸಿದ ಸನ್ಮಾನ ಪತ್ರ ಕೊಟ್ಟೆ. ಕನ್ನಡಕ ಇಲ್ಲ, ಓದಿ ಎಂದರು. ನಾನು ನಿಂತುಕೊಂಡು ಓದಿದೆ. ಕಲಾತಪಸ್ವಿಯಿಂದ ಹಿಡಿದು ಕೆಳಗಿನ ಅಧ್ಯಕ್ಷರ ಸಹಿಯವರೆಗೆ ಪೂರ್ತಿ ಓದಿದೆ. ಅವರು ಕೈಯಲ್ಲಿದ್ದ ಅರವನ್ನು ಹೆಬ್ಬೆರಳಿನಿಂದ ಸವರುತ್ತಾ ಕೇಳಿಸಿಕೊಂಡರು. ಮುಗಿದ ಮೇಲೆ, "ಇದನ್ನು ಬರೆದದ್ದು ಯಾರು?" ಎಂದು ಕೇಳಿದರು.

ನಾನು ತಲೆ ತಗ್ಗಿಸಿ "ನಾನೇ" ಅಂದೆ. ಇಷ್ಟು ವರ್ಷ ನನ್ನ ನೆನಪಿನಲ್ಲಿ ಹಾಗೆಯೇ ಇತ್ತು. ಇದನ್ನು ಬರೆಯಲೆಂದು ಹಳೇ ಡೈರಿ ತೆಗೆದೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: "ಪೆಟ್ಟಿಗೆ ತಲುಪಿಸಿದೆ. ಪತ್ರ ಯಾರು ಬರೆದದ್ದೆಂದು ಕೇಳಿದರು. ಸಂಘದವರು ಅಂದೆ."