ಗಿರಿಜಕ್ಕನ ಅಂಗಳದ ಓಂತಿಗಳು

ತೆಂಗಿನ ಕಾಂಡದಿಂದ ಒಂದು ಒಣ ತೊಗಟೆ ಕಳಚಿತು. ಕೆಳಗೆ ಬೀಳದೆ, ಅಂಗಳದ ಮೇಲೆ ತೇಲುತ್ತ ಹೋಗಿ ಹಲಸಿನ ಮರಕ್ಕೆ ಅಂಟಿಕೊಂಡಿತು. ಆಮೇಲೆ ಅದು ತಲೆ ಎತ್ತಿ ನನ್ನನ್ನು ನೋಡಿತು. ಸಿದ್ಧಕಟ್ಟೆಗೆ ಬಂದ ಮರುದಿನವೇ ಕಂಡದ್ದಿದು. ಹೆದರಿ ಮನೆಯೊಡತಿ ಗಿರಿಜಕ್ಕನನ್ನು ಕೂಗಿದೆ.

"ಅದು ಹಾರುವ ಓಂತಿ. ಏನೂ ಮಾಡುದಿಲ್ಲ. ನಿಮ್ಮ ಊರಲ್ಲಿ ಇಲ್ವಾ?" ಎಂದರು.

ತುಳುವಿನಲ್ಲಿ ಓಂತಿ ಎಂದರೆ ಓತಿಕ್ಯಾತ. ನಮ್ಮ ವಿಜಯಪುರದ ಕಡೆ ಅದು ಬೇಲಿಯ ಮೇಲೆ ಕೂತು ತಲೆ ಆಡಿಸುತ್ತದೆ, ಹಾರುವುದಿಲ್ಲ.

ನನ್ನ ಗಂಡ ಸರಕಾರಿ ಬಸ್ಸಿನ ಚಾಲಕರು. ಬಿ.ಸಿ.ರೋಡಿನ ಡಿಪೋಗೆ ಹಾಕಿದ್ದರಿಂದ ಇಲ್ಲಿ ಬಾಡಿಗೆಗೆ ಮನೆ ಹಿಡಿದೆವು. ಅವರು ಕೆಲಸಕ್ಕೆ ಹೋದರೆ ನನಗೆ ದಿನವಿಡೀ ಮಾತಿಲ್ಲ. ಸುತ್ತ ಎಲ್ಲರದ್ದೂ ತುಳು. ನಾನು "ಐತಿ" ಎಂದರೆ ಅಂಗಡಿಯವರು ನಗುತ್ತಿದ್ದರು. ಊರಿನ ಜೋಳದ ರೊಟ್ಟಿಗಾಗಿ ಜೀವ ಬಿಡುತ್ತಿದ್ದವಳಿಗೆ, ಬಸುರಾದಾಗ ಗಿರಿಜಕ್ಕ ತಂದುಕೊಡುತ್ತಿದ್ದ ಕುಚ್ಚಲಕ್ಕಿ ಗಂಜಿ ಮಾತ್ರ ಹೊಟ್ಟೆಯಲ್ಲಿ ನಿಂತಿತು.

ಏಳು ತಿಂಗಳಾದಾಗ ಡಾಕ್ಟರು ಓಡಾಡಬೇಡಿ ಎಂದರು. ಜಗಲಿಯಲ್ಲಿ ಕೂತು ಓಂತಿಗಳನ್ನು ನೋಡುವುದೇ ಕೆಲಸವಾಯಿತು. ಗಂಡು ಗಂಟಲಿನ ಹಳದಿ ಚರ್ಮವನ್ನು ಹೊರಚಾಚಿ ಮಡಚುತ್ತದೆ. ಇರುವೆ ಸಾಲಿನ ಪಕ್ಕ ಅಲುಗಾಡದೆ ಕೂತು ಒಂದೊಂದನ್ನೇ ಹೆಕ್ಕುತ್ತದೆ. ನಾನು ಎದ್ದರೆ ಕಾಂಡದ ಆಚೆ ಬದಿಗೆ ಸರಿಯುತ್ತದೆ. ನೆಲಕ್ಕಿಳಿದದ್ದನ್ನು ಮಾತ್ರ ಕಂಡಿರಲಿಲ್ಲ.

ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು.

ನಮ್ಮಲ್ಲಿ ಮಣ್ಣು ಮಾಡುತ್ತಾರೆ. ಊರಿನ ಹೊಲಕ್ಕೆ ಒಯ್ಯುತ್ತೇನೆಂದು ಗಂಡ ಮೂಡುಬಿದಿರೆಯ ಆಸ್ಪತ್ರೆಯ ಬಾಗಿಲಲ್ಲಿ ಬಿಳಿ ಬಟ್ಟೆಯ ಗಂಟು ಹಿಡಿದು ನಿಂತಿದ್ದರು. ಗಿರಿಜಕ್ಕ ಹತ್ತಿರ ಹೋಗಿ, "ಅಷ್ಟು ದೂರ ಕೊಂಡುಹೋಗುದು ಬೇಡ. ನಮ್ಮ ಜಾಗ ಉಂಟಲ್ಲ, ಅಲ್ಲೇ ಮಲಗಿಸುವ" ಎಂದರು. ಬಾಡಿಗೆಯವರ ಮಗುವಿಗೆ ತಮ್ಮ ಹಿತ್ತಲಿನ ಮೂಲೆ ಕೊಟ್ಟರು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಹೆಣ್ಣು ಓಂತಿಯೊಂದು ಮರದಿಂದ ಇಳಿದು ಬಂತು. ಅಂಗಳದಂಚಿನ ಸಡಿಲ ಮಣ್ಣನ್ನು ಮೂತಿಯಿಂದ ಅಗೆದು ಮೊಟ್ಟೆಯಿಟ್ಟಿತು. ಮಣ್ಣೆಳೆದು ಮುಚ್ಚಿ, ತಲೆಯಿಂದ ಕುಟ್ಟಿ ಕುಟ್ಟಿ ಗಟ್ಟಿ ಮಾಡಿತು. ಆಸ್ಪತ್ರೆಯಲ್ಲೂ ಬಾರದ ಅಳು ನನಗೆ ಆಗ ಬಂತು.

ಅಂಗಳ ಗುಡಿಸಲು ಗಿರಿಜಕ್ಕ ಹಿಡಿಸೂಡಿ ತೆಗೆದುಕೊಂಡು ಬಂದರು.

"ಅಕ್ಕಾ, ಅಲ್ಲಿ ಗುಡಿಸಬ್ಯಾಡ್ರಿ" ಎಂದೆ.

ಅವರು ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ ನನ್ನ ಪಕ್ಕ ಕೂತರು.

ಮರಿಗಳನ್ನು ನಾನು ನೋಡಲೇ ಇಲ್ಲ. ಕಾಯುತ್ತಿದ್ದಂತೆ ಮಳೆ ಹಿಡಿಯಿತು. "ಮರ ಹತ್ತಿರಬಹುದು ಮಾರಾಯ್ತಿ. ನಮಗೆ ಹೇಳಿ ಹೋಗ್ತಾವಾ?" ಎಂದರು ಗಿರಿಜಕ್ಕ.

ಈಗ ಗಂಡನಿಗೆ ವಿಜಯಪುರಕ್ಕೆ ವರ್ಗವಾಗಿದೆ. ಇಬ್ಬರೂ ಹಂಬಲಿಸಿದ್ದು ಇದಕ್ಕೇ. ಅವರು ಹೋಗಿ ಕೆಲಸಕ್ಕೆ ಸೇರಿದ್ದಾರೆ. ಸಾಮಾನು ಕಟ್ಟಿಕೊಂಡು ಬರುತ್ತೇನೆಂದ ನಾನು ಇನ್ನೂ ಇಲ್ಲೇ ಇದ್ದೇನೆ. ನಿನ್ನೆ ಅವ್ವ ಫೋನಿನಲ್ಲಿ ರೇಗಿದಳು.

"ಗಂಡ ಇಲ್ಲಿ ಬಂದಾನ. ಇನ್ನ ಅಲ್ಲಿ ಏನೈತಿ ನಿಂದು?"

ನಾನು ಫೋನು ಹಿಡಿದೇ ಹಿತ್ತಲಿನ ಮೂಲೆಗೆ ಹೋಗಿ ನಿಂತೆ. ಆಮೇಲೆ ಅವಳೇ, "ಕೂಸಿನ್ನ ಬಿಟ್ಟು ಹೆಂಗ ಬರ್ತಿ, ಪಾಪ" ಎಂದು ಅತ್ತಳು.

ಮುಂದಿನ ವಾರ ಹೊರಡುತ್ತೇನೆ. ಅಂಗಡಿಯವರು ಕೇಳಿದರೆ, ಊರಿಗೆ ಹೋಗುತ್ತಿದ್ದೇನೆ ಎನ್ನಲು ಮಾತ್ರ ಬಾಯಿ ಬರುತ್ತಿಲ್ಲ.