ಕರಡಿಯ ಎಡಗೈ

ಆ ಪಾರ್ಕಿನಲ್ಲಿ ಅವಳ ಸ್ವಂತ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಕರಡಿಯಕ್ಕ ಎಂದರೆ ಮುಗಿಯಿತು. ಕರಡಿಯ ವೇಷದೊಳಗೆ ಇರುವವನು ಅವಳ ಒಡಹುಟ್ಟಿದ ತಮ್ಮ. ಕೈಹಿಡಿದು ನಡೆಸುವವಳು ಇವಳು. ಕರಡಿಯ ಬಾಯಲ್ಲಿ ಬಲೆಬಟ್ಟೆಯ ಒಂದು ಕಿಂಡಿ, ಅದರಲ್ಲಿ ಮುಂದೆ ನಿಂತ ಮಗುವಿನ ನೆತ್ತಿ ಕಂಡರೆ ಹೆಚ್ಚು. ಮೆಟ್ಟಿಲು, ನೀರಿನ ಪೈಪು, ಹಿಂದಿನಿಂದ ಬಂದು ಬಾಲ ಜಗ್ಗುವ ಪುಂಡರು, ಎಲ್ಲವನ್ನೂ ಇವಳೇ ನೋಡಿಕೊಳ್ಳಬೇಕು. ವೇಷ ಹಾಕಿದವರು ಹೊರಗೆ ತುಟಿ ಪಿಟಕ್ಕೆನ್ನುವಂತಿಲ್ಲ, ತಲೆ ತೆಗೆಯುವಂತಿಲ್ಲ. ಕರಡಿ ಮಾತಾಡಿದರೆ ಮಕ್ಕಳು ಅಳುತ್ತವಂತೆ. ಒಳಗಿದ್ದವನು ಬೆಂದು ಬಸವಳಿದರೆ ಮಾತ್ರ ಯಾರಿಗೂ ಏನೂ ಅಡ್ಡಿಯಿಲ್ಲ.

ಹಾಗೆ ನೋಡಿದರೆ ಆ ಮಾತಿಲ್ಲದ ಕೆಲಸವೇ ತಮ್ಮನಿಗೆ ಒದಗಿ ಬಂದ ಭಾಗ್ಯ. ಚಿಕ್ಕಂದಿನಿಂದಲೂ ಹೊರಗಿನವರ ಎದುರು ಅವನಿಗೆ ನಾಲಿಗೆ ಏಳದು. "ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೇನೋ" ಎಂದು ಓರಗೆಯವರು ಗೇಲಿ ಮಾಡುವಾಗ ಅವನು ಅಕ್ಕನ ಕೈ ಒತ್ತುತ್ತಿದ್ದ. ಒಂದು ಸಲ ಒತ್ತಿದರೆ ನಿಲ್ಲು ಎಂದು, ಎರಡು ಸಲ ಒತ್ತಿದರೆ ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗು ಎಂದು. ಯಾವ ಕೆಲಸದಲ್ಲೂ ನಿಲ್ಲದ ಅವನು ಕರಡಿಯೊಳಗೆ ಹೊಕ್ಕ ದಿನ ಕುಣಿದೇ ಕುಣಿದ. ಅವತ್ತು ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

ಆ ಸಂತೋಷವನ್ನೇ ಕಟ್ಟಿಕೊಂಡು ಎಷ್ಟು ವರ್ಷ ಬದುಕುವುದು? ಅವಳ ಮಂಡಿ ಈಗ ಮೆಟ್ಟಿಲು ಕಂಡರೆ ಮುನಿಯುತ್ತಿತ್ತು. ಬಲಗೈ ಬೆರಳುಗಳು ಮನೆಯಲ್ಲೂ ಏನನ್ನೋ ಹಿಡಿದಂತೆ ಬಿಗಿದೇ ಇರುತ್ತಿದ್ದವು. ಜ್ವರ ಬಂದರೂ ಅವಳು ಬರಬೇಕು, ಅವಳಿಲ್ಲದಿದ್ದರೆ ಕರಡಿ ಇಲ್ಲ. ಹೀಗಿರುವಾಗ ವೇಷ ಹೊಲಿಯುವ ಕೋಣೆಯ ಟೈಲರಮ್ಮ ಕೆಲಸ ಬಿಡುವ ಸುದ್ದಿ ಬಂತು. ಅಲ್ಲಿ ಕುರ್ಚಿಯಿದೆ, ಫ್ಯಾನಿದೆ. ದಿನವಿಡೀ ಯಾರ ಕೈಯನ್ನೂ ಹಿಡಿಯಬೇಕಾಗಿಲ್ಲ. ಆ ಕುರ್ಚಿಗಾಗಿ ಅವಳ ಜೀವ ಎಷ್ಟು ಬಾಯಿಬಿಟ್ಟಿತೆಂದರೆ ಅವಳಿಗೇ ನಾಚಿಕೆಯಾಯಿತು.

"ಕರಡಿ ಜೊತೆ ಹೋಗೋಕೆ ಇನ್ನೊಬ್ಬರನ್ನ ನೀನೇ ತಯಾರು ಮಾಡಮ್ಮ. ಒಂದು ದಿನ ನೋಡ್ತೀನಿ, ಸರಿಹೋದ್ರೆ ಮೆಷಿನ್ ನಿಂದು" ಎಂದ ಸೂಪರ್‌ವೈಸರ್.

ಅವಳು ಐಸ್‌ಕ್ರೀಮ್ ಗಾಡಿಯವಳನ್ನು ಹಿಡಿದಳು. "ಒಂದು ಒತ್ತಿದ್ರೆ ನಿಲ್ಲು, ಎರಡು ಒತ್ತಿದ್ರೆ ಒಳಗೆ ಕರ್ಕೊಂಡು ಬಾ. ಮರೀಬೇಡ ಕಣೇ."

"ಅಷ್ಟೇನಾ ಅಕ್ಕಾ? ನಮ್ಮನೇಲಿ ಬಾಯಿ ಬಡ್ಕೊಂಡ್ರೂ ನನ್ ಗಂಡಂಗೆ ಅರ್ಥ ಆಗಲ್ಲ. ನಿಮ್ಮಿಬ್ಬರದೇ ವಾಸಿ."

ಪರೀಕ್ಷೆಯ ದಿನ ಕರಡಿಯಕ್ಕ ಮೆಷಿನ್ ಮುಂದೆ ಕೂತು ಮೊಲದ ಹರಿದ ಕಿವಿ ಹೊಲಿಯುತ್ತಿದ್ದಳು. ಹೊಲಿಗೆಗಿಂತ ಕಿಟಕಿಯ ಕಡೆಗೇ ಕಣ್ಣು. ಹೊರಗೆ ಕಾರಂಜಿಯ ಹತ್ತಿರ ಕರಡಿ ಮಕ್ಕಳ ಜೊತೆ ಫೋಟೋಕ್ಕೆ ನಿಂತಿತ್ತು, ಬಲಗೈ ಐಸ್‌ಕ್ರೀಮ್ ಗಾಡಿಯವಳ ಕೈಯಲ್ಲಿ. ಎಡಗೈ ಹಿಡಿದಿದ್ದ ಪುಟ್ಟ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಕಿಲಕಿಲ ನಕ್ಕು, "ಅಮ್ಮಾ, ಕರಡಿ ನನ್ ಕೈ ಒತ್ತುತ್ತೆ" ಎಂದು ಕೂಗಿ, ತಾನೂ ಒತ್ತಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ನಗು.

ಕರಡಿಯಕ್ಕ ಮೆಷಿನ್ ನಿಲ್ಲಿಸಿದಳು. ಎಲ್ಲ ಹೇಳಿಕೊಟ್ಟಿದ್ದಳು, ಯಾವ ಪಕ್ಕ ನಿಲ್ಲಬೇಕೆಂದು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೇ ಇರಲಿಲ್ಲ. ಹುಟ್ಟಿದಾಗಿನಿಂದ ಅವಳು ಅವನ ಎಡಕ್ಕೆ; ಅವನು ಒತ್ತುವುದು ಎಡಗೈಯಲ್ಲಿ.

ಅವಳು ಎದ್ದು ಓಡಿದಳು. ಅಷ್ಟರಲ್ಲಿ ಕರಡಿ ನೆಲದ ಮೇಲೆ ಕುಸಿದು ಕೂತಿತ್ತು. ಅದೂ ಆಟವೆಂದು ಜನ ಚಪ್ಪಾಳೆ ತಟ್ಟುತ್ತಿದ್ದರು. ಅವಳು ಎಡಗೈ ಹಿಡಿದು ಎಬ್ಬಿಸಿ ಒಳಗೆ ಕರೆತಂದು ಕರಡಿಯ ತಲೆ ತೆಗೆದಳು. ತಮ್ಮನ ತುಟಿ ಬಿಳಿಚಿಕೊಂಡಿತ್ತು.

"ಒತ್ತಲೇ ಇಲ್ಲ ಸರ್, ನನ್ನಾಣೆ" ಎಂದು ಐಸ್‌ಕ್ರೀಮ್ ಗಾಡಿಯವಳು ಬಾಗಿಲಲ್ಲಿ ನಿಂತ ಸೂಪರ್‌ವೈಸರನ ಮುಂದೆ ಅಳುತ್ತಿದ್ದಳು.

"ಅವಳದೇನೂ ತಪ್ಪಿಲ್ಲ" ಎಂದಳು ಕರಡಿಯಕ್ಕ. "ಎಡಕ್ಕೆ ನಿಲ್ಬೇಕಿತ್ತು. ನಾನು ಹೇಳಿರಲಿಲ್ಲ."

"ಇಷ್ಟೇನಾ? ನಾಳೆಯಿಂದ ಎಡಕ್ಕೆ ನಿಲ್ತಾಳೆ ಬಿಡು. ಮೆಷಿನ್ ನಿಂದೇ."

ಆಗ, ಯಾರೂ ನಿರೀಕ್ಷಿಸದಂತೆ, ತಮ್ಮ ಬಾಯಿಬಿಟ್ಟ. "ಹೂಂ. ಹೋಗಕ್ಕಾ ನೀನು. ನಾನು ಇವರ ಜೊತೆ ಹೋಗ್ತೀನಿ."

ಹೊರಗಿನವರ ಎದುರು ಅವನು ಅಷ್ಟು ಮಾತಾಡಿದ್ದನ್ನು ಅವಳು ಕೇಳಿರಲೇ ಇಲ್ಲ. ಅವಳ ಬಲಗೈ ಇನ್ನೂ ಅವನ ಎಡ ಪಂಜದೊಳಗಿತ್ತು. ಮಾತು ಮುಗಿಯುವ ಮೊದಲೇ ಆ ಪಂಜ ಒತ್ತಿತು. ಇನ್ನೊಮ್ಮೆ ಒತ್ತಿತು.

ಅವಳಿಗೆ ಪಿತ್ತ ನೆತ್ತಿಗೇರಿತು. ಮಹರಾಯ, ಹೋಗು ಅನ್ನುವುದಾದರೆ ಪೂರ್ತಿ ಅನ್ನಬಾರದಾ? ಅತ್ತುಬಿಡೋಣ ಅನ್ನಿಸಿತು.

"ಮೆಷಿನ್‌ಗೆ ಬೇರೆಯವರನ್ನ ನೋಡ್ಕೊಳ್ಳಿ ಸರ್" ಎಂದಳು.

ಸೂಪರ್‌ವೈಸರ್ ಗೊಣಗುತ್ತ ಹೋದ. ಅವಳು ತಮ್ಮನಿಗೆ ನೀರು ಕುಡಿಸಿ, ಮುಖ ಒರೆಸಿ, ಅವನು ಚೇತರಿಸಿಕೊಳ್ಳುವ ತನಕ ಗಾಳಿ ಹಾಕಿದಳು. ಸಂಜೆಯ ಸರದಿಯ ಗಂಟೆ ಬಾರಿಸಿದಾಗ ಕರಡಿಯ ತಲೆ ತೊಡಿಸಿ, ಎಡಕ್ಕೆ ಹೋಗಿ ನಿಂತಳು.

ಕಾರಂಜಿಯ ಹತ್ತಿರ ಮಕ್ಕಳು ಕೇಕೆ ಹಾಕುತ್ತ ಮುತ್ತಿಕೊಂಡರು. ಅವಳು ಅವನ ಪಂಜವನ್ನು ಎರಡು ಸಲ ಒತ್ತಿದಳು. ಇಷ್ಟು ವರ್ಷಗಳಲ್ಲಿ ಅವಳು ಒತ್ತಿದ್ದು ಅದೇ ಮೊದಲು. ದಿನವಿಡೀ ಯಾರ್ಯಾರೋ ಮಕ್ಕಳಿಂದ ಪಂಜ ಒತ್ತಿಸಿಕೊಳ್ಳುವ ಅವನಿಗೆ ಇದೂ ಅಂಥದೇ ಒಂದು ಒತ್ತು ಅನ್ನಿಸಿತೇನೋ. ಕರಡಿ ಕುಣಿಯತೊಡಗಿತು.